ಡಿಕ್ಕಿಯಲ್ಲಿ ಹಳದಿ ಟವೆಲ್

ಡಿಕ್ಕಿ ಮುಚ್ಚಿದ ಮೇಲೂ ಗೌರೀಶ ಅದರ ಮೇಲಿನ ಕೈ ತೆಗೆಯಲಿಲ್ಲ. ಒಳಗಿದ್ದದ್ದು ಎದ್ದು ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಕೈ ಬಿಡಲು ಧೈರ್ಯ ಸಾಲಲಿಲ್ಲ.

ರಸ್ತೆಯ ಎರಡೂ ಕಡೆ ನೋಡಿದ. ಯಾರೂ ಇಲ್ಲ. ಬಂಪರ್ ನೋಡಿದ. ರಕ್ತವಿಲ್ಲ. ತಿರುವಿನಲ್ಲಿ ಅಡ್ಡ ಬಂದದ್ದು, ಚಕ್ರದ ಕೆಳಗೆ ದಡ್ ಎಂದದ್ದು, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಚಿಕ್ಕದು. ಎತ್ತುವಾಗ ಇಷ್ಟೇನಾ ಭಾರ ಎನ್ನಿಸಿತು. ಹಳದಿ ಟವೆಲಿನಲ್ಲಿ ಸುತ್ತುವಾಗ ಮುಖದ ಕಡೆ ನೋಡಲಾಗಲಿಲ್ಲ.

ಹೆಂಡತಿ ಅಪೇಕ್ಷಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೋಗಿದ್ದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಎರಡು ಸಲ ಕೈತಪ್ಪಿದ ಮೇಲೆ ನಿಂತ ಬಸಿರು, ಈಗ ಏಳು ತಿಂಗಳು. ಕಾಲು ಊದಿದ್ದರೂ ಹೆರಿಗೆಗೆ ಮುಂಚೆ ಒಮ್ಮೆ ಹೊರಗೆ ಅಡ್ಡಾಡಬೇಕೆಂದು ಹಟ ಹಿಡಿದು ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನ್‌ನ ಮನೆಯಿಂದ ಈ ಬೆಟ್ಟಕ್ಕೆ ಹೊರಡಿಸಿದವಳು ಅವಳೇ.

ಕಾರು ಮುಂದೆ ಓಡಿಸಿದ. ಬೆಟ್ಟದ ಊರು ಸಿಕ್ಕಿತು. ಯಾವನೋ ಇಂಗ್ಲಿಷಿನವನು ತನ್ನ ಹಳ್ಳಿ ನೆನೆದು ಅತ್ತು, ಅದನ್ನೇ ಮೆಲ್ಬರ್ನಿನ ಬೆಟ್ಟದ ಮೇಲೆ ಮತ್ತೆ ಕಟ್ಟಿಸಿದಂತಿತ್ತು. ಕಲ್ಲಿನ ಚರ್ಚು, ಗುಲಾಬಿ ಬೇಲಿ, ಬೆಣ್ಣೆ ಬನ್ನಿನ ಟೀ ಅಂಗಡಿ. ಕೆರೆ ದಂಡೆಯ ವಾಕ್ ಈ ಕಡೆ, ತೊರೆಯ ವಾಕ್ ಆ ಕಡೆ ಎಂದು ಮರದ ಬಾಣಗಳು. ಅವುಗಳ ಪಕ್ಕದಲ್ಲೇ ಕೆಂಪು ಬೋರ್ಡು: ಕಾಳ್ಗಿಚ್ಚಿನ ಅಪಾಯ, ಇಂದು ಎಲ್ಲೂ ಬೆಂಕಿ ಹಚ್ಚುವಂತಿಲ್ಲ.

ಟೀ ಅಂಗಡಿಯ ಹಿಂದೆ ನಿಂತು ಮೈಸೂರಿಗೆ ಫೋನ್ ಮಾಡಿದ. ಅವನ ತಾಯಿ ವಸಂತಾ ಎಲ್ಲ ಕೇಳಿಸಿಕೊಂಡರು.

"ಸತ್ತಿರೋದು ನಿಜಾನಾ? ಸರಿಯಾಗಿ ನೋಡಿದ್ಯಾ?"

"ಅಲ್ಲಾಡ್ಲಿಲ್ಲ ಅಮ್ಮ."

"ಬಸುರಿ ಗಂಡ ಕಣೋ ನೀನು. ಅಲ್ಲೇ ಬಿಟ್ಟು ಬಂದಿದ್ರೆ ಆ ದೋಷ ನಿನ್ನ ಮಗೂನ ಬಿಡ್ತಿರ್ಲಿಲ್ಲ. ತಂದಿದ್ದು ಒಳ್ಳೇದಾಯ್ತು. ಹಾಲು ಬಿಟ್ಟು, ಒಂದು ಕಾಸಿಟ್ಟು, ಹೊತ್ತು ಮುಳುಗೋದ್ರೊಳಗೆ ಸುಟ್ಟುಬಿಡು. ಅವಳಿಗೆ ಮಾತ್ರ ಹೇಳ್ಬೇಡ."

"ಇಲ್ಲಿ ಇವತ್ತು ಬೆಂಕಿ ಹಚ್ಚೋ ಹಾಗಿಲ್ಲಮ್ಮ. ಪೊಲೀಸ್‌ಗೆ ಗೊತ್ತಾದ್ರೆ..."

"ಮಗು ಬೇಕೋ ಬೇಡ್ವೋ?"

ಗೌರೀಶ ಬ್ಯಾಂಕಿನ ಕಂಪ್ಯೂಟರುಗಳಿಗೆ ಕಾವಲು ಪ್ರೋಗ್ರಾಂ ಬರೆಯುವ ಬುದ್ಧಿವಂತ. ಆದರೆ ಡಾಕ್ಟರು ಸ್ಕ್ಯಾನಿನ ಪರದೆ ಆರಿಸಿ ಸಾರಿ ಎಂದದ್ದನ್ನು ಎರಡು ಸಲ ಕೇಳಿದವನಿಗೆ ಬುದ್ಧಿ ಎಷ್ಟು ದೂರ ಬಂದೀತು? ಹಾಲು, ಬೆಂಕಿಪೊಟ್ಟಣ ಕೊಂಡ. ಬಿಸಿಲು ಜೋರು, ದಾರಿ ಬಿಟ್ಟು ನಡೆಯಬೇಡಿ ಎಂದಳು ಅಂಗಡಿಯಾಕೆ. ಅವಳೂ ತನ್ನನ್ನೇ ಗಮನಿಸುತ್ತಿದ್ದಾಳೆ ಎನ್ನಿಸಿ ಚಿಲ್ಲರೆ ಬಿಟ್ಟು ಹೊರಬಿದ್ದ.

ತೊರೆಯ ವಾಕ್ ಶುರುವಾಗುವಲ್ಲಿ, ಮರಗಳ ಮರೆಗೆ, ಕಾರು ನಿಲ್ಲಿಸಿದ. ಅಪೇಕ್ಷಾ ಅರೆಗಣ್ಣು ತೆರೆದಳು.

"ಆಗ್ಲೇ ಹಿಂದೆ ಏನೋ ಅಲ್ಲಾಡಿದ ಹಾಗಾಯ್ತು ಗೌರೀಶ್."

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. "ಚಿಪ್ಸ್ ಪ್ಯಾಕೆಟ್ ಇರ್ಬೇಕು. ನೀನು ಮಲಗು, ನಾನು ದಾರಿ ಹೇಗಿದೆ ನೋಡ್ಕೊಂಡು ಬರ್ತೀನಿ."

ಅವಳ ದುಪಟ್ಟಾವನ್ನು ತೊರೆಯಲ್ಲಿ ನೆನೆಸಿ ತಂದು ಊದಿದ ಪಾದಗಳ ಮೇಲೆ ಹಾಸಿದ. "ಆಹಾ," ಎಂದು ಅವಳು ಕಣ್ಣು ಮುಚ್ಚಿದಳು. ಎಸಿ ಓಡಲೆಂದು ಎಂಜಿನ್ ಆರಿಸದೆ ಬಿಟ್ಟ. ಹೆಂಡತಿಯ ತಲೆಯ ಹಿಂದೆಯೇ, ಒಂದು ಸೀಟಿನ ಮರೆಯಲ್ಲಿ, ಹೆಣವಿದೆ ಎಂಬುದನ್ನು ನೆನೆದು ಅವನಿಗೆ ಅಳುವೇ ಬಂತು.

ಪಿಕ್‌ನಿಕ್ಕಿನವರ ಕಲ್ಲಿನ ಒಲೆ ಅಲ್ಲೇ ಕೆಳಗಿತ್ತು. ನೀಲಗಿರಿ ಮರದ ಒಣ ಪುಳ್ಳೆ ಒಟ್ಟಿದ. ಮೊದಲನೆಯ ಬೆಂಕಿಕಡ್ಡಿ ಗೀರುವಷ್ಟರಲ್ಲಿ ಬೆನ್ನ ಹಿಂದೆ ಬೂಟಿನ ಸದ್ದಾಯಿತು. ಖಾಕಿ ತೊಟ್ಟ ಹೆಂಗಸು, ಕಾಡಿನ ರೇಂಜರ್. ಅವಳು ಬೆಂಕಿಪೊಟ್ಟಣ ನೋಡಿದಳು, ಅವನ ಮುಖ ನೋಡಿದಳು.

"ಏನು ಮಾಡುತ್ತಿದ್ದೀರಿ?"

"ಡಿಕ್ಕಿಯಲ್ಲಿ ಏನೂ ಇಲ್ಲ," ಎಂದ ಗೌರೀಶ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಇದಕ್ಕಿಂತ ಜಾಣತನದಲ್ಲಿ. ರೇಂಜರ್ ತಣ್ಣಗೆ ಹೇಳಿದಳು: "ನಾನು ಡಿಕ್ಕಿಯ ವಿಷಯ ಕೇಳಲಿಲ್ಲ. ತೆಗೆಯಿರಿ."

ಕಾರಿನ ತನಕ ಅವನು ತೊದಲುತ್ತಲೇ ನಡೆದ. "ಬೇಕಂತ ಮಾಡಿದ್ದಲ್ಲ. ಅಡ್ಡ ಬಂತು. ನನ್ನ ಹೆಂಡತಿಗೆ ಗೊತ್ತಾಗಬಾರದು, ಬಸುರಿ, ದಯವಿಟ್ಟು." ಇಂಗ್ಲಿಷು ಅರ್ಧ, ಕನ್ನಡ ಅರ್ಧ. ರೇಂಜರ್ ಸೊಂಟದ ರೇಡಿಯೋಗೆ ಕೈ ಹಾಕಿದಳು. ಸಪ್ಪಳವಾಗದಂತೆ ಡಿಕ್ಕಿ ಎತ್ತಿದ.

ಹಳದಿ ಟವೆಲ್ ಇತ್ತು. ಬಿಚ್ಚಿಕೊಂಡು ಚಪ್ಪಟೆಯಾಗಿ ಬಿದ್ದಿತ್ತು. ಅದರಾಚೆ, ಹಿಂದಿನ ಸೀಟಿನ ಬದಿಯಲ್ಲಿ, ಕೈ ತೂರುವಷ್ಟು ಸಂದಿತ್ತು.

"ಇದರಲ್ಲಿ ಏನಿತ್ತು?"

"ಹಾವು," ಎಂದ ಗೌರೀಶ. "ಸತ್ತಿತ್ತು."

ರೇಂಜರ್ ಒಂದು ಹೆಜ್ಜೆ ಹಿಂದೆ ಸರಿದಳು. "ಸತ್ತಿತ್ತೆಂದು ಯಾರು ಹೇಳಿದರು?"

ಒಳಗಿನಿಂದ ಅಪೇಕ್ಷಾಳ ನಿದ್ದೆಗಣ್ಣಿನ ದನಿ ಬಂತು: "ಇನ್ನೊಂದು ಒದ್ದೆ ಬಟ್ಟೆ ಹಾಕಿದ್ಯಾ ಗೌರೀಶ್? ಕಾಲಿಗೆ ಹಿತವಾಗಿದೆ, ಆದ್ರೆ ಸ್ವಲ್ಪ ಭಾರ."