ಏಳನೆಯ ಮಣಿಕಟ್ಟು

ಪರದೆಯ ಸಂದಿಯಿಂದ ಕೈ ಆಚೆ ಚಾಚಿ ಸುಯಿನ್ ಉಸಿರು ಬಿಗಿಹಿಡಿದಳು. ಆಚೆ ಅವಳ ಅಪ್ಪ ಕೂತಿದ್ದರು. ಈ ಕೈ ಯಾರದೆಂದು ಅವರಿಗೆ ಗೊತ್ತಾಗಕೂಡದು. ಒಳಗೆ ಏನು ಮಿಡಿಯುತ್ತಿದೆ ಎಂಬುದು ಯಾರಿಗೂ ಗೊತ್ತಾಗಕೂಡದು.

ಬೆಳಿಗ್ಗೆ ಬಂದಾಗ ಅವಳು ಬರೀ ಪರೀಕ್ಷೆಯ ಏರ್ಪಾಟು ನೋಡಿಕೊಳ್ಳುವವಳು. ನಾಡಿ ಹಿಡಿದು ಬಸುರು ಹೇಳುತ್ತೇನೆನ್ನುವ ಅವಳ ಅಪ್ಪ ಲು ವೈದ್ಯರಿಗೆ ಇನ್ನು ಮುಂದೆ ಕೋಣೆ ಕೊಡಬೇಕಾದರೆ ಪುರಾವೆ ಬೇಕು ಎಂದು ಚೀನಾದ ಸೂಝೌ ನಗರದ ಆ ಆಸ್ಪತ್ರೆ ಪಟ್ಟು ಹಿಡಿದಿತ್ತು. ಹತ್ತು ಹೆಂಗಸರು, ನಡುವೆ ದಪ್ಪ ಪರದೆ, ಯಾರೂ ಮಾತಾಡುವಂತಿಲ್ಲ. ಪ್ರತಿಯೊಬ್ಬರ ಮೂತ್ರಪರೀಕ್ಷೆಯ ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ. ಒಂದು ತಪ್ಪಿಗೆ ಮಾಫಿ. ಎರಡಾದರೆ, ಸುಯಿನ್ ಹುಟ್ಟುವ ಮೊದಲಿನಿಂದ ಅಪ್ಪ ಕೂತಿದ್ದ ಕೋಣೆಗೆ ಬೀಗ.

ಎಲ್ಲ ಸಿದ್ಧವಾದ ಮೇಲೆ, ಆ ಹತ್ತರಲ್ಲಿ ಒಬ್ಬಳಾಗಿ ಕೂರಬೇಕಿದ್ದ ನರ್ಸ್ ಬರಲೇ ಇಲ್ಲ.

"ನೀವೇ ಕೂತ್ಕೊಳ್ಳಿ" ಅಂದ ಫಾಂಗ್. ಪರೀಕ್ಷೆಯ ಲೆಕ್ಕವೆಲ್ಲ ಅವನದು.

"ನಾನು ಅವರ ಮಗಳು ಕಣ್ರೀ."

"ಅದಕ್ಕೇ ಅಲ್ವಾ ಪರದೆ ಕಟ್ಟಿರೋದು? ಬಾಯಿ ಬಿಡ್ಬೇಡಿ, ಸಾಕು. ಬಸುರಿ ಅಲ್ಲದವರದ್ದು ಒಂದು ಕೈ ಕಮ್ಮಿ ಬಿದ್ದಿದೆ. ಮದುವೆ ಅಂದ್ರೆ ಮಾರು ದೂರ ಓಡೋ ನಿಮಗಿಂತ ಒಳ್ಳೇ ಕೈ ಎಲ್ಲಿ ಸಿಗುತ್ತೆ?"

ಸುತ್ತಲಿದ್ದವರು ನಕ್ಕರು. ಸುಯಿನ್ ಕೂಡ ನಕ್ಕಳು. ಒಲ್ಲೆ ಎನ್ನಲು ಅವಳಿಗಿದ್ದ ಕಾರಣ ಒಂದೇ. ಅದನ್ನು ಹೇಳುವಂತಿರಲಿಲ್ಲ. ಅದಕ್ಕೆ ಹೊಣೆಯಾದ ಮನುಷ್ಯ ಅವಳ ಫೋನ್ ಎತ್ತುವುದನ್ನು ಬಿಟ್ಟು ವಾರಗಳಾಗಿದ್ದವು.

ಬಾಗಿಲ ಬಳಿ ತುಂಬು ಬಸುರಿಯೊಬ್ಬಳು ಗೊಣಗುತ್ತಿದ್ದಳು: "ಏಡಿ ಸೀಸನ್ನಲ್ಲೇ ಬಸುರಾಗ್ಬೇಕಿತ್ತಾ ನಾನು? ಅದು ಶೀತ, ಮಗುಗೆ ಆಗಲ್ಲ ಅಂತ ನಮ್ಮತ್ತೆ ಮುಟ್ಟೋಕೂ ಬಿಡ್ತಿಲ್ಲ."

"ಅದಕ್ಕೆ ಪುರಾವೆ ಎಲ್ಲಿದೆ?" ಅಂದ ಫಾಂಗ್.

"ನೀವೊಂದು ಹೆತ್ತು ನೋಡಿ, ಆಮೇಲೆ ಕೇಳಿ."

ಆ ನಗುವಿನ ನಡುವೆಯೇ ಸುಯಿನ್ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ಮೂತ್ರಕ್ಕೆಂದು ಕೊಟ್ಟ ಸೀಸೆಗೆ ತನ್ನ ಫ್ಲಾಸ್ಕಿನಲ್ಲಿದ್ದ ಆರಿದ ಚಹಾ ಸುರಿದಳು. ಪುರಾವೆ, ಪುರಾವೆ ಎಂದು ಊಟದ ಮೇಜಿನಲ್ಲಿ ಅಪ್ಪನೊಡನೆ ವರ್ಷಗಟ್ಟಲೆ ಜಗಳವಾಡಿದವಳು. ಪರೀಕ್ಷೆಯ ಪಟ್ಟಿಯ ಮೇಲೆ ಒಂದೇ ಗೆರೆ ಮೂಡಿತು: ಬಸುರಿಲ್ಲ. ಫಾಂಗ್ ಲಕೋಟೆ ಅಂಟಿಸಿದ.

ಕುರ್ಚಿಯಲ್ಲಿ ಕೂತ ಮೇಲಷ್ಟೇ ಅವಳಿಗೆ ಹೊಳೆಯಿತು. ಅಪ್ಪ ನಿಜ ಹೇಳಿದರೆ ಅದು ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸಬೇಕಾದರೆ ಅವಳೇ ಪರದೆ ಸರಿಸಿ, ಎಲ್ಲರ ಮುಂದೆ ಎದ್ದು ನಿಲ್ಲಬೇಕು.

ಮೂರು ಬೆರಳುಗಳು ಮಣಿಕಟ್ಟಿನ ಮೇಲೆ ಇಳಿದವು. ಮೊದಲು ಹಗುರವಾಗಿ, ಆಮೇಲೆ ಒತ್ತಿ. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಬಂದು ಕೂರುತ್ತಿದ್ದ ಬೆರಳುಗಳು. ಹಿಂದಿನ ಆರು ಕೈಗಳಿಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಅವಳು ಕಣ್ಣು ಮುಚ್ಚಿದಳು.

"ಏಳು" ಎಂದರು ಅಪ್ಪ. "ಬಸುರಿ ಅಲ್ಲ."

ಮೇಲೆ ಸರಿದಿದ್ದ ಅವಳ ಅಂಗಿಯ ತೋಳನ್ನು ಮಣಿಕಟ್ಟು ಮುಚ್ಚುವಂತೆ ಕೆಳಗೆಳೆದು, ಕೈಯನ್ನು ಮೆಲ್ಲಗೆ ಒಳಗೆ ತಳ್ಳಿದರು. ಎಲ್ಲರಿಗೂ ಹಾಗೆಯೇ ಮಾಡುತ್ತಾರೇನೋ.

ಬದುಕಿದೆ ಅನ್ನಿಸಿತು. ಹಾಗಾದರೆ ಆ ಬೆರಳುಗಳಿಗೆ ಏನೂ ತಿಳಿಯುವುದಿಲ್ಲ. ಇಷ್ಟು ವರ್ಷ ಅವಳು ವಾದಿಸಿದ್ದೇ ಸರಿ. ಸರಿಯಾಗಿದ್ದಕ್ಕೆ ಸಂತೋಷ ಮಾತ್ರ ಆಗಲಿಲ್ಲ.

ಫಾಂಗ್ ಲಕೋಟೆಗಳನ್ನು ಒಡೆದ. ಮೂರನೆಯದೊಂದು ತಪ್ಪು, ಉಳಿದದ್ದೆಲ್ಲ ಸರಿ. ಹೆಂಗಸರು ಚಪ್ಪಾಳೆ ತಟ್ಟಿದರು.

ಅಪ್ಪನ ದನಿಯಲ್ಲಿ ಗೆಲುವಿರಲಿಲ್ಲ. "ಏಳನೇದೂ ಸರಿಯಾ?"

"ಬಸುರಿ ಅಲ್ಲ ಅಂದ್ರಿ, ಲಕೋಟೆಲೂ ಅಲ್ಲ. ಸರಿ."

ನಾಡಿ ನೋಡಲು ಕೈ ಇಡಿಸುವ ಪುಟ್ಟ ದಿಂಬನ್ನು ಅವರ ಬೆರಳುಗಳು ನೇವರಿಸುವುದು ಪರದೆಯ ಸಂದಿಯಲ್ಲಿ ಕಂಡಿತು. ಆಮೇಲೆ ಹೇಳಿದರು: "ಈ ಪರೀಕ್ಷೆನ ಲೆಕ್ಕಕ್ಕೆ ಹಿಡೀಬೇಡಪ್ಪ."

"ಯಾಕೆ ಗುರುಗಳೇ? ಗೆದ್ದಿದ್ದೀರಿ!"

"ಒಂದು ಉತ್ತರ ನನ್ನ ಬೆರಳಿನದಲ್ಲ."

"ಯಾವುದು ಅಂತ ಹೇಳಿ. ಅದೊಂದನ್ನ ಬಿಟ್ಟು ಇನ್ನೊಂದು ಕೈ ತರಿಸ್ತೀನಿ."

"ಹೇಳಲ್ಲ."

ಫಾಂಗ್ ತಲೆ ಕೆರೆದುಕೊಂಡ. "ಹಾಗಾದ್ರೆ ಅಷ್ಟೂ ಬಿಡ್ಬೇಕಾಗುತ್ತೆ. ಕೋಣೆ ಹೋಗುತ್ತೆ, ಗುರುಗಳೇ."

"ಹೋಗಲಿ."

ಪರದೆಯ ಹಿಂದೆ ಸುಯಿನ್ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ತನ್ನ ನಾಡಿ ಅಪ್ಪನಿಗೆ ಸಿಗಲಿಲ್ಲ, ಏನೋ ಒಂದು ಊಹಿಸಿ ಹೇಳಿದ್ದಾರೆ, ಈಗ ಅವರ ಮನಸ್ಸು ಚುಚ್ಚುತ್ತಿದೆ ಅಂದುಕೊಂಡಳು. ಒಂದು ಮಾತಾಡಿದರೆ ಈ ಗೋಜಲು ಬಿಡಿಸಬಹುದಿತ್ತು. ಆದರೆ ಅವಳು ಹಿಂಬಾಗಿಲಿನಿಂದ ಹೊರಬಿದ್ದು, ಕಾಲುವೆಯ ದಂಡೆಯಲ್ಲಿ ಸುತ್ತಾಡಿ, ಅಪ್ಪನ ನಂತರವೇ ಮನೆ ಸೇರಿದಳು. ಎಲ್ಲಿದ್ದೆ ಎಂದು ಅವರು ಕೇಳಲಿಲ್ಲ.

ರಾತ್ರಿ ಊಟಕ್ಕೆ ಅಮ್ಮ ಏಡಿ ಬೇಯಿಸಿದ್ದಳು, ಜೊತೆಗೆ ಶುಂಠಿ ಹಾಕಿದ ವಿನೆಗರ್. ಪ್ರತಿ ವರ್ಷ ಮೊಟ್ಟೆ ತುಂಬಿದ ಮೊದಲ ಏಡಿಯನ್ನು ಅಪ್ಪನೇ ಬಿಡಿಸಿ ಮಗಳ ತಟ್ಟೆಗೆ ಹಾಕುವುದು ವಾಡಿಕೆ. ಇವತ್ತು ಅವರು ಕೈಕಟ್ಟಿ ಕೂತಿದ್ದರು. ಅಮ್ಮನೇ ಬಡಿಸಿದಳು.

ಸುಯಿನ್ ಕೈ ಹಾಕುವಷ್ಟರಲ್ಲಿ ಅಪ್ಪ ಅದನ್ನು ಅವಳ ತಟ್ಟೆಯಿಂದ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.

"ಇದೇನ್ರೀ, ಕೋಣೆ ಹೋದ ಸಿಟ್ಟು ಮಗಳ ಮೇಲಾ?" ಅಂದಳು ಅಮ್ಮ.

"ಏಡಿ ಶೀತ ಕಣೇ. ಅವಳಿಗೆ ಬಿಸಿಯಾಗಿ ಒಂದು ಮೊಟ್ಟೆ ಬೇಯಿಸಿಕೊಡು."

ಅಮ್ಮ ಒಳಗೆ ಹೋದದ್ದೇ, ಅಪ್ಪ ಮೇಜಿನಾಚೆಯಿಂದ ಕೈ ಚಾಚಿ, ಮಗಳ ಅಂಗಿಯ ತೋಳನ್ನು ಮಣಿಕಟ್ಟು ಮುಚ್ಚುವಂತೆ ಮೆಲ್ಲಗೆ ಕೆಳಗೆಳೆದರು.