ಪರಂಗಿ ಎಲೆಯ ರಸ

ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ನನ್ನ ಕೈತುಂಬ ಹಿಟ್ಟು. ಮಗಳು ಓಡಿಬಂದು ಸ್ಪೀಕರ್ ಹಾಕಿದಳು.

ಅವಳ ಇನ್ನೊಂದು ಕೈಯಲ್ಲಿ ಪರಂಗಿ ಎಲೆಯ ರಸದ ಲೋಟವಿತ್ತು. ನನಗೆ ಡೆಂಗ್ಯೂ ಎಂದು ಅವಳಿಗೆ ಹೇಳಿದ್ದೆ. ಈ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆಂದು ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಅವಳೇ ಎಲೆ ಕಿತ್ತು, ಅರೆದು, ಹಿಂಡಿ ತರುತ್ತಾಳೆ. "ಮೂಗು ಮುಚ್ಕೊಂಡು ಕುಡೀಬೇಕು, ಚಿಕ್ಕ ಮಕ್ಕಳ ಥರ ಆಡಬಾರ್ದು" ಎಂದು ನನ್ನನ್ನೇ ಗದರುತ್ತಾಳೆ. ನಾನು ಕುಡಿಯುತ್ತೇನೆ.

"ಡಾಕ್ಟರ್ ಮಾತಾಡ್ತಿರೋದು. ನಿಮ್ಮ ಪ್ಲೇಟ್‌ಲೆಟ್ ತುಂಬ ಏರಿದೆಯಮ್ಮ."

"ನೋಡಿದ್ಯಾ! ನನ್ನ ರಸ!" ಮಗಳು ಕುಣಿದಳು.

"ಅದು ಒಳ್ಳೇದಲ್ಲ. ಕ್ಯಾನ್ಸರ್ ಜೀವಕೋಶಗಳು ಆ ಪ್ಲೇಟ್‌ಲೆಟ್‌ಗಳನ್ನೇ ಹೊದ್ಕೊಂಡು ರಕ್ತದಲ್ಲಿ ಬೇರೆ ಕಡೆಗೂ ಹೋಗಿಬಿಡ್ತವೆ. ಇವತ್ತೇ ಬನ್ನಿ."

ಹಿಟ್ಟಿನ ಕೈಯಲ್ಲೇ ಫೋನ್ ಕಟ್ ಮಾಡಿದೆ. ತಡವಾಗಿತ್ತು.

ಮಗಳು ಲೋಟವನ್ನೇ ನೋಡುತ್ತಿದ್ದಳು. ಎಂದಿನಂತೆ ಕುಡಿಯಲು ಕೈಚಾಚಿದೆ. ಅವಳು ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಅಮ್ಮಾ, ನಿನ್ನ ಕ್ಯಾನ್ಸರ್ ಹರಡೋ ಹಾಗೆ ಮಾಡಿದ್ದು ನಾನೇನಾ?"