ಗಂಡನ ಮೊಪೆಡ್

ಗಂಡ ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುತ್ತಿದ್ದ. ಅವನು ಹೊರಬರುವುದರೊಳಗೆ ಅವಳು ಊರು ದಾಟಬೇಕಿತ್ತು. ಒಡೆದ ತುಟಿಯನ್ನು ಸೆರಗಿನಿಂದ ಒರೆಸಿಕೊಂಡು, ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಅವನ ಮೊಪೆಡ್ಡಿಗೆ ಕಿಕ್ ಹೊಡೆದಳು. ಶುರುವಾಯಿತು. ಗೇಟಿನ ಹತ್ತಿರ ನಿಂತುಹೋಯಿತು. ಮತ್ತೆ ಹೊಡೆದಳು, ಗೊರಗುಟ್ಟಿ ಮತ್ತೆ ನಿಂತಿತು. ಮುಚ್ಚಳ ತೆಗೆದು ನೋಡಿದಳು. ಟ್ಯಾಂಕಿನ ತುಂಬ ಪೆಟ್ರೋಲ್ ಇತ್ತು.

"ಎಲ್ಲಿಗೇ ಹೊರಟೆ?"

ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಅವರನ್ನ ಕರೀಬೇಡಿ."

ಬಚ್ಚಲಿನ ಸದ್ದು ನಿಂತಿತು. ಅತ್ತೆ ಸರಸರನೆ ಬಂದು ಬಗ್ಗಿ, ಟ್ಯಾಂಕಿನ ಕೆಳಗೆ ಕೈ ಹಾಕಿ, ಪೆಟ್ರೋಲ್ ಬಿಡುವ ನಾಬ್ ತಿರುಗಿಸಿದರು.

"ಈಗ ಹೊಡಿ, ನಿಲ್ಲಲ್ಲ. ನಿನ್ನ ಮಾವನೂ ಹಿಂಗೇ ಮುಚ್ಚಿಡ್ತಿದ್ರು. ನಾನು ಹೊರಟ ದಿನ ನಂಗಿದು ಗೊತ್ತಿರ್ಲಿಲ್ಲ."